ಎರಡು ಇಲ್ಲಗಳ ಸಾಕ್ಷಿ

ವಾರ್ಷಿಕೋತ್ಸವದ ಅತಿಥಿಗೆಂದು ತಂದಿಟ್ಟಿದ್ದ ಮೊಳಕಾಲ್ಮೂರು ರೇಷ್ಮೆ ಸೀರೆ ಬೆಳಿಗ್ಗೆಯೇ ಆಫೀಸಿನ ಬೀರುವಿನಿಂದ ಮಾಯವಾಗಿತ್ತು. ಹೆಡ್ಮಾಸ್ತರು ಚಿಕ್ಕೀರಪ್ಪನವರು ಸುದ್ದಿ ಹೊರಬಿಟ್ಟದ್ದು ಮಾತ್ರ ಮಧ್ಯಾಹ್ನ. ಕೇಳಿದ್ದೇ ತಡ, ಗಣಿತದ ಮೇಷ್ಟ್ರು ಮಾರುತೇಶ ಸೀಮೆಸುಣ್ಣ ಬಿಸಾಕಿ ನಿರ್ಮಲಾ ಟೀಚರ್ ಬಳಿಗೆ ಓಡಿದ. ಚಳ್ಳಕೆರೆಯ ಆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಗಂಟೆ ಬಡಿಯುವ ಸುತ್ತಿಗೆ ಕಳೆದರೂ ಪತ್ತೆ ಹಚ್ಚುತ್ತಿದ್ದುದು ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಆಕೆಯೇ. ಆಕೆಯ ಹಿಂದೆ ಹಿಂದೆ ಓಡಾಡುವ ಕೆಲಸ ಮಾರುತೇಶನದು. ಅದರಲ್ಲಿ ಅವನಿಗೆ ಬೇಸರವಿರಲಿಲ್ಲ.

"ಟೀಚರೇ, ಐದನೇ ಕ್ಲಾಸಿನ ಶೃತಿ ಸಿಕ್ಕಿಬಿದ್ದವ್ಳೆ. ಒಪ್ಕೊಂಡೂ ಬಿಟ್ಟಳಂತೆ. ಟಿಸಿ ಕೊಡೋಕೆ ಕೂತವ್ರೆ."

"ಸೀರೆ ಸಿಕ್ತಾ?"

"ಇಲ್ಲ."

"ಸೀರೆ ಸಿಗದೆ ಕಳ್ಳಿ ಹೆಂಗೆ ಸಿಕ್ಕಳು, ಮೇಷ್ಟ್ರೇ?"

ಇಬ್ಬರೂ ಆಫೀಸಿನ ಕಡೆ ಹೊರಟರು. ಆಫೀಸಿನ ಹಿಂಬದಿಯಿಂದ ಹೋಗುವಾಗ ಗುಮಾಸ್ತ ಕೊಟ್ಟೂರಪ್ಪನ ಸ್ಕೂಟರ್ ಕಿಟಕಿಗೆ ಅಂಟಿಕೊಂಡಂತೆ ನಿಂತು ದಾರಿಗೆ ಅಡ್ಡವಾಗಿತ್ತು. ದಿನಾ ಬೇವಿನ ನೆರಳಿಗಾಗಿ ಎಲ್ಲರ ಜೊತೆ ಜಗಳಕ್ಕಿಳಿಯುವ ಆಸಾಮಿ ಇವತ್ತು ಗಾಡಿಯನ್ನು ಹೀಗೆ ಸುಡುಬಿಸಿಲಿಗೆ ಒಡ್ಡಿದ್ದಾನಲ್ಲ ಎಂದು ಮಾರುತೇಶ ಗೊಣಗಿಕೊಂಡ. ನಿರ್ಮಲಾ ಒಮ್ಮೆ ಸ್ಕೂಟರನ್ನು, ಒಮ್ಮೆ ಕಿಟಕಿಯನ್ನು ನೋಡಿದಳು.

ವರಾಂಡದಲ್ಲಿ ಶೃತಿಯ ತಾಯಿ ಚಿಕ್ಕಕ್ಕ ನಿಂತಿದ್ದಳು. ಫೋನು ಬಂದ ಕೂಡಲೇ ಮೊಳಕಾಲ್ಮೂರಿನಲ್ಲಿ ಬಸ್ಸು ಹತ್ತಿದವಳು. ಮಗಳು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು.

"ಟೀಚರಮ್ಮ, ಆ ಸೀರೆ ನಾನೇ ನೇಯ್ದು ಕೊಟ್ಟಿದ್ದು. ಮನೆ ತುಂಬ ರೇಷ್ಮೆ ಐತೆ, ನನ್ ಮಗ್ಳು ಇಲ್ಲಿ ಬಂದು ಕದೀತಾಳೇನ್ರಿ? ಕಳ್ಳಿ ಅಂತ ಕಳಿಸಿದ್ರೆ ಇನ್ಯಾವ ಶಾಲೇಲಿ ಸೇರಿಸ್ಕೊಂತಾರೆ?"

ನಿರ್ಮಲಾ ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಒಳಗೆ ಶೃತಿ ಮೂಲೆಯಲ್ಲಿ ನಿಂತು ಬಿಕ್ಕುತ್ತಿದ್ದಳು. "ಏಡ್ವಕು ತಲ್ಲೀ," ಎಂದು ತಾಯಿ ತೆಲುಗಿನಲ್ಲಿ ಅಳಬೇಡವೆಂದು ಸಮಾಧಾನ ಮಾಡಿದಳು. ಅದಕ್ಕೂ ಹೆಡ್ಮಾಸ್ತರು ಹುಬ್ಬು ಗಂಟಿಕ್ಕಿದರು. ಕಾಂಪೌಂಡಿನೊಳಗೆ ಮಕ್ಕಳು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದೆಂಬುದು ಅವರ ಕಾನೂನು.

"ಸೀಮೆಸುಣ್ಣದ ಡಬ್ಬಿ ತರೋಕೆ ಅಂತ ಬೆಳಿಗ್ಗೆ ಇಲ್ಲಿಗೆ ಬಂದೋಳು ಇವಳೊಬ್ಬಳೇ," ಎಂದರು ಅವರು. "ಇಂಗ್ಲಿಷಲ್ಲೇ ಕೇಳಿದೆ, ಇಂಗ್ಲಿಷಲ್ಲೇ ಹೇಳಿದಳು. ‘ಐ ಡಿಡ್ ನಾಟ್ ಟೇಕ್ ನಥಿಂಗ್.’ ಡಿಡ್ ನಾಟ್ ಒಂದು ಇಲ್ಲ, ನಥಿಂಗ್ ಇನ್ನೊಂದು ಇಲ್ಲ. ಎರಡು ಇಲ್ಲ ಸೇರಿದ್ರೆ ಹೌದು ಅಂತ ತಾನೇ? ಏನೋ ತಗೊಂಡಿದ್ದಾಳೆ. ಜೊತೆಗೆ ಕೊಟ್ಟೂರಪ್ಪನ ಸಾಕ್ಷಿ ಬೇರೆ."

"ಏನು ಕೇಳಿಸ್ಕೊಂಡ್ರಿ ಕೊಟ್ಟೂರಪ್ಪ?" ಎಂದು ನಿರ್ಮಲಾ ಮೇಜಿನ ಬಳಿ ನಿಂತಿದ್ದ ಗುಮಾಸ್ತನನ್ನು ವಿಚಾರಿಸಿದಳು.

"ವರಾಂಡದಲ್ಲಿ ಗೆಳತಿಗೆ ಹೇಳ್ತಿದ್ಲು ಮೇಡಂ. ‘ಐ ಟುಕ್ ದ ಸ್ಯಾರಿ. ನೋಬಡಿ ಸಾ ಮಿ.’ ನಾನು ತಗೊಂಡೆ, ಯಾರೂ ನೋಡ್ಲಿಲ್ಲ ಅಂತ."

"ಇದೇ ಮಾತಾ?"

"ಒಂದಕ್ಷರ ಆಚೀಚೆ ಇಲ್ಲ. ಆಣೆ ಮಾಡ್ತೀನಿ."

"ಗೆಳತಿ ಯಾರು?"

"ಮುಖ ಕಾಣ್ಲಿಲ್ರಿ."

ನಿರ್ಮಲಾ ಶೃತಿಯ ಮುಂದೆ ಬಗ್ಗಿದಳು. "ಇಂಗ್ಲಿಷಲ್ಲೇ ಹೇಳು ಮಗಾ. ಬೆಳಿಗ್ಗೆ ಇಲ್ಲಿ ಯಾರಿದ್ರು?"

"ಐ ಡಿಡ್ ನಾಟ್ ಸೀ ನೋಬಡಿ, ಮಿಸ್."

"ಮಧ್ಯಾಹ್ನ ಊಟ ಮಾಡಿದ್ಯಾ?"

"ಐ ಡಿಡ್ ನಾಟ್ ಈಟ್ ನಥಿಂಗ್."

"ಸರ್, ನಿಮ್ಮ ಲೆಕ್ಕದಲ್ಲಿ ಇವಳು ಊಟ ಮಾಡಿದ್ದಾಳೆ. ಮೇಷ್ಟ್ರೇ, ಇವಳ ಬ್ಯಾಗಲ್ಲಿರೋ ಡಬ್ಬಿ ತೆಗೀರಿ."

ಮಾರುತೇಶ ಮುಚ್ಚಳ ತೆಗೆದ. ಚಿತ್ರಾನ್ನ ಕಲಸಿ ತುಂಬಿದ ಹಾಗೆಯೇ ಇತ್ತು, ಒಂದು ತುತ್ತೂ ಕದಲಿರಲಿಲ್ಲ. ಹೆಡ್ಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು.

"ನಾವು ಕನ್ನಡದಲ್ಲಿ ‘ಏನೂ ತಿಂದಿಲ್ಲ’ ಅಂತೀವಿ," ಎಂದಳು ನಿರ್ಮಲಾ. "ಮಕ್ಕಳು ‘ಏನೂ’ ಅನ್ನೋದಕ್ಕೆ ನಥಿಂಗ್ ಹಾಕ್ತಾರೆ, ‘ಇಲ್ಲ’ಕ್ಕೆ ಡಿಡ್ ನಾಟ್ ಹಾಕ್ತಾರೆ. ಇಂಗ್ಲಿಷಿಗೆ ಒಂದು ವಾಕ್ಯಕ್ಕೆ ಒಂದೇ ಇಲ್ಲ ಸಾಕು, ಡಿಡ್ ನಾಟ್ ಅಂದ್ಮೇಲೆ ಎನಿಥಿಂಗ್ ಅನ್ಬೇಕು. ಆ ಪಾಠ ನಾನಿನ್ನೂ ಮಾಡೇ ಇಲ್ಲ. ಈಗ ಇಡೀ ಐದನೇ ಕ್ಲಾಸು ಹೀಗೇ ಮಾತಾಡೋದು."

ಅವಳು ಗುಮಾಸ್ತನ ಕಡೆ ತಿರುಗಿದಳು.

"ಯಾರೂ ನೋಡ್ಲಿಲ್ಲ ಅನ್ನೋದನ್ನ ಇವಳು ಹೇಳಿದ್ರೆ ‘ನೋಬಡಿ ಡಿಡ್ ನಾಟ್ ಸೀ ಮಿ’ ಅಂತಿದ್ಲು. ನೀವು ಕೇಳಿಸ್ಕೊಂಡ ವಾಕ್ಯದಲ್ಲಿ ತಪ್ಪೇ ಇಲ್ಲ, ಕೊಟ್ಟೂರಪ್ಪ. ಅದು ಈ ಮಗುವಿನ ಬಾಯಿಂದ ಬಂದ ಮಾತಲ್ಲ, ನೀವು ಕಟ್ಟಿದ್ದು. ಇವಳ ಮೇಲೆ ಸುಳ್ಳು ಹೊರಿಸೋ ಗರಜು ನಿಮಗ್ಯಾಕೆ ಬಂತು? ಬೆಳಿಗ್ಗೆ ವರಾಂಡದ ತುಂಬ ಮಕ್ಕಳಿದ್ರು, ಬಾಗಿಲಿಂದ ಸೀರೆ ಹೊರಗೆ ಹೋಗೋ ಹಾಗಿರ್ಲಿಲ್ಲ. ಇರೋದು ಹಿಂದಿನ ಕಿಟಕಿ ಒಂದೇ. ದಿನಾ ಬೇವಿನ ನೆರಳಲ್ಲಿರೋ ನಿಮ್ಮ ಸ್ಕೂಟರು ಇವತ್ತು ಬಿಸಿಲಲ್ಲಿ, ಅದೇ ಕಿಟಕಿ ಕೆಳಗೈತೆ. ಸೀಟಿನ ಬೀಗ ತೆಗೀತೀರಾ?"

ಕೊಟ್ಟೂರಪ್ಪ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಕುಸಿದು ಕೂತ.

"ಒಂದು ಮೊಳಕಾಲ್ಮೂರು ಸೀರೆ ಉಡ್ಬೇಕು ಅಂತ ಮನೆಯಾಕಿಗೆ ಮದ್ವೆಯಾದಾಗಿಂದ ಆಸೆ ಮೇಡಂ. ಕಣ್ಣೆದುರಿಗೇ ಇತ್ತು, ಬುದ್ಧಿ ಕೆಟ್ಟೋಯ್ತು."

"ಆಸೆ ನಿಮ್ಮದು, ಹೊತ್ಕೊಳ್ಳೋಕೆ ಈ ಕೂಸು ಬೇಕಿತ್ತಾ?" ಎಂದ ಮಾರುತೇಶ.

ಅವನೇ ಹೋಗಿ ಸೀಟಿನಡಿಯಿಂದ ಸೀರೆ ತಂದ. ಚಿಕ್ಕಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನ ಮಡಿಕೆ ಸರಿಪಡಿಸಿದಳು. ಅಲ್ಲಿ ಏನು ನಡೆಯಿತೆಂಬುದು ಅವಳಿಗೆ ಅರ್ಧವಷ್ಟೇ ತಿಳಿದಿತ್ತು. ಹೆಡ್ಮಾಸ್ತರು ಕುರ್ಚಿಯಿಂದೆದ್ದು ಅವಳ ಮುಂದೆ ಬಂದು ಕೈ ಮುಗಿದರು. ತಮ್ಮ ಇಂಗ್ಲಿಷ್ ಲೆಕ್ಕ ಅವರಿಗೆ ಆಗ ನೆನಪಾಗಲಿಲ್ಲ.

"ತಪ್ಪಾಯ್ತಮ್ಮ. ನಿಮ್ಮ ಮಗಳು ಏನೂ ತಗೊಂಡಿಲ್ಲ."

ಚಿಕ್ಕಕ್ಕ ತಲೆಯೆತ್ತಿ ಅವರನ್ನೇ ನೋಡಿದಳು.

"ಬೆಳಿಗ್ಗಿಂದ ಅವ್ಳು ಹೇಳ್ತಿದ್ದಿದ್ದೂ ಅದನ್ನೇ ಅಲ್ವೇನ್ರಿ ಸಾರ್?"