ಬೆಟ್ಟದಲ್ಲಿ ಹೆಸರು ಕೂಗಿದ್ದು

ಐವತ್ತಮೂರನೇ ಇಸವಿಯ ಪುಷ್ಯಮಾಸ. ಎನ್. ಬೇಗೂರಿನಿಂದ ಬೆಟ್ಟ ದಾಟಿ ಅತ್ತೆಯ ಮನೆಗೆ ಅಪ್ಪ, ಅವ್ವ, ನಾನು, ತಂಗಿ ಗಿರಿಜೆ ಬೆಳಿಗ್ಗೆಯೇ ಹೊರಟಿದ್ದೆವು. ಮಂಜಿನಲ್ಲಿ ಮುಂದೆ ನಡೆಯುತ್ತಿದ್ದ ಅಪ್ಪನ ಕಂಬಳಿಯಷ್ಟೇ ಕಾಣುತ್ತಿತ್ತು. ಬೆಟ್ಟದಲ್ಲಿ ಮಕ್ಕಳನ್ನು ಹೆಸರು ಹಿಡಿದು ಕರೆಯಬಾರದು, ‘ಓಯ್’ ಅನ್ನಬೇಕು ಎಂಬುದು ಅಪ್ಪನ ಊರಿನ ಪದ್ಧತಿ.

“ನಮ್ ಮಕ್ಕಳ ಹೆಸರು ಕಟ್ಕೊಂಡು ನಿಮ್ ಬೆಟ್ಟಕ್ಕೇನಾಗ್ಬೇಕಂತೆ?” ಎಂದು ಕೃಷ್ಣರಾಜನಗರದಲ್ಲಿ ಹುಟ್ಟಿ ಬೆಳೆದ ಅವ್ವ ನಕ್ಕಳು.

“ನಗ್ಬ್ಯಾಡ ಕಣಮ್ಮಿ,” ಎನ್ನುತ್ತ ಅಪ್ಪ ತಮ್ಮ ಕಂಬಳಿಯನ್ನೇ ತೆಗೆದು ಅವಳಿಗೆ ಹೊದಿಸಿದರು.

ತಿರುಗಿ ನೋಡಿದರೆ ಗಿರಿಜೆ ಇರಲಿಲ್ಲ. ಎಷ್ಟು ‘ಓಯ್’ ಅಂದರೂ ಉತ್ತರವಿಲ್ಲ. ಅವ್ವ ತಡೆಯಲಾರದೆ “ಗಿರಿಜಾ!” ಎಂದು ಕೂಗಿಬಿಟ್ಟಳು. ಹಕ್ಕಿಗಳ ಸದ್ದು ಅಡಗಿತು. ಸ್ವಲ್ಪ ಹೊತ್ತಿಗೆ ಗಿರಿಜೆ ಮಂಜಿನೊಳಗಿಂದ ನಡೆದು ಬಂದಳು. ನಾವೆಲ್ಲ ಇಬ್ಬನಿಗೆ ತೊಯ್ದಿದ್ದೆವು. ಅವಳ ಲಂಗ ಒಣಗಿತ್ತು, ಕೈ ಬೆಚ್ಚಗಿತ್ತು.

“ಎಲ್ಲೋಗಿದ್ಯೇ?”

“ಒಂದಜ್ಜಿ ಬೆಂಕಿ ಮುಂದೆ ಕೂರಿಸ್ಕೊಂಡು ತಲೆ ಬಾಚ್ತು ಕಣವ್ವ. ಎಸ್ರು ಕೇಳ್ತು, ನಾನ್ ಏಳ್ನಿಲ್ಲ. ನೀನ್ ಕೂಗ್ದಲ್ಲ, ಆಗ ‘ಗೊತ್ತಾಯ್ತು ಬುಡು, ಓಗವ್ವ’ ಅಂತು.”

ಸುತ್ತ ಎಲ್ಲೂ ಹೊಗೆಯ ವಾಸನೆಯಿರಲಿಲ್ಲ. ಅವ್ವ ಅವಳನ್ನು ಎತ್ತಿಕೊಂಡಳು.

ಗಿರಿಜೆಗೆ ಈಗ ಮೊಮ್ಮಕ್ಕಳಿದ್ದಾರೆ. ಮಂಜು ಬಿದ್ದ ಬೆಳಿಗ್ಗೆ ಅವಳು ಯಾರೂ ಕರೆಯದಿದ್ದರೂ “ಬಂದೆ” ಎನ್ನುತ್ತ ಎದ್ದು ಬಾಗಿಲವರೆಗೆ ಹೋಗುತ್ತಾಳೆ.