ಗಿಳಿಹಸಿರು ಉಸಿರುಯಂತ್ರ

ಬಣ್ಣನುಂಗಿ ಎಂಬ ಪುಟ್ಟ ಡಬ್ಬಿಯ ಬಾಯಿಂದ ಬೂದಿಯಂಥ ಪುಡಿ ಸುರಿಯತೊಡಗಿದಾಗ ಶಿವಲೀಲಾ ಕೈಯಲ್ಲಿದ್ದ ರಬ್ಬರ್ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಒತ್ತಬೇಕು, ಬಿಡಬೇಕು. ಮತ್ತೆ ಒತ್ತಬೇಕು. ಆ ಚೀಲದಿಂದ ಹೊರಟ ಕೊಳವೆ ಮಗಳು ಮುಕ್ತಾಳ ಕುತ್ತಿಗೆಗೆ ಸೇರಿತ್ತು. ಆ ಗಾಳಿಯೇ ಈಗ ಹುಡುಗಿಯ ಉಸಿರು.

ಪಕ್ಕದ ಮೇಜಿನ ಮೇಲೆ ಬಿಚ್ಚಿಟ್ಟದ್ದು ಉಸಿರುಯಂತ್ರದ ಗಣಕಫಲಕ. ಅದರ ತುಂಬ ಗಿಳಿಹಸಿರು ಬಣ್ಣದ ತುಂತುರು ಅಂಟಿತ್ತು. ಬಣ್ಣನುಂಗಿಯ ಪುಡಿಯಲ್ಲಿ ಒಂದೊಂದು ಕಣವೂ ಒಂದು ಯಂತ್ರ. ತೆಗೆಯಬೇಕಾದ ಬಣ್ಣದ ಚೂರೊಂದರ ರುಚಿಯನ್ನು ಮೊದಲು ಅವುಗಳಿಗೆ ತೋರಿಸಬೇಕು. ಆಮೇಲೆ ಅವು ಅದೇ ಬಣ್ಣವನ್ನು ಹುಡುಕಿ, ಕೆರೆದು, ಹೊತ್ತು ತಂದು ತಟ್ಟೆಗೆ ಹಾಕುತ್ತವೆ. ಥಿನ್ನರ್ ಹಚ್ಚಿದರೆ ಫಲಕವೇ ಹಾಳಾಗುತ್ತದೆ, ಬ್ರಷ್ಷು ಸಂದಿಗೆ ಹೋಗುವುದಿಲ್ಲ. ಕಣಗಳು ಎಲ್ಲಿಗಾದರೂ ಹೋಗುತ್ತವೆ. ಆದರೆ ಅವನ್ನು ರೂಪಿಸಿದ ವಿಜ್ಞಾನಿ ನಫೀಸಾ ಮುಲ್ಲಾ ಇದುವರೆಗೆ ಅವನ್ನು ಕೆಟ್ಟುಹೋದ ಹಳೆಯ ಫಲಕಗಳ ಮೇಲಷ್ಟೇ ಬಿಟ್ಟು ನೋಡಿದ್ದಳು.

"ಅಕ್ಕಾರ, ಫಲಕ ಸುಟ್ಟು ಗಿಟ್ಟು ಹೋಗೂದಿಲ್ಲಲ್ರಿ?" ಬಾಗಿಲಲ್ಲಿ ನಿಂತಿದ್ದ ಚನ್ನವೀರ ಕೇಳಿದ. ಅವನು ಮುಕ್ತಾಳ ತಂದೆ. ಹುಬ್ಬಳ್ಳಿಯಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುವವನು.

"ಇಲ್ಲಂತ ಹ್ಯಾಂಗ ಹೇಳ್ಲಿ ಅಣ್ಣಾ? ಹಂಗ ಬಿಟ್ರ ಮಾತ್ರ ಯಂತ್ರ ನಿಲ್ಲೂದು ಖರೆ," ಎಂದಳು ನಫೀಸಾ.

ಜ್ವರವೊಂದು ಮುಕ್ತಾಳ ಎದೆಯ ಸ್ನಾಯುಗಳ ಬಲ ಕಸಿದು ವರ್ಷವಾಗಿತ್ತು. ಅಂದಿನಿಂದ ಯಂತ್ರವೇ ಅವಳಿಗೆ ಉಸಿರು ಕೊಡುತ್ತಿತ್ತು. ಬೂದುಬಣ್ಣದ ಆ ಪೆಟ್ಟಿಗೆಯನ್ನು ಕಂಡು ಓಣಿಯ ಹುಡುಗಿಯರು ಒಳಗೆ ಬರಲು ಹೆದರುತ್ತಿದ್ದರು. ಆಯುಧಪೂಜೆಗೆ ಚೆಂದ ಮಾಡೋಣವೆಂದು ಚನ್ನವೀರ ಸ್ಪ್ರೇ ಗನ್ ಹಿಡಿದ. ಬಸ್ಸಾಗಿದ್ದರೆ ಎಂಜಿನ್ ನಿಲ್ಲಿಸಿ ಹೊಡೆಯುತ್ತಿದ್ದ. ಇದನ್ನು ನಿಲ್ಲಿಸುವಂತಿರಲಿಲ್ಲ. ಉಸಿರಿನ ಗಾಳಿ ಕಿಟಕಿಯಾಚೆಯ ಕೊಳವೆಯಿಂದ ಬರುವುದರಿಂದ ಮಗಳಿಗೆ ತೊಂದರೆಯಿಲ್ಲವೆಂದು ಖಚಿತಮಾಡಿಕೊಂಡ. ಗುಂಡಿಗಳಿಗೆಲ್ಲ ಕಾಗದ ಅಂಟಿಸಿದ. ಫ್ಯಾನಿನ ಜಾಲರಿಯನ್ನು ಮುಚ್ಚಿದರೆ ಯಂತ್ರ ಕಾದೀತೆಂದು ಅದೊಂದನ್ನು ಹಾಗೇ ಬಿಟ್ಟ. ತಿರುಗುತ್ತಿದ್ದ ಫ್ಯಾನು ಬಣ್ಣದ ತುಂತುರನ್ನು ಒಳಗೆಳೆದುಕೊಂಡಿತು.

ಮರುದಿನ ಬೆಳಿಗ್ಗೆಯಿಂದ ಯಂತ್ರ ಎಚ್ಚರಿಕೆಯ ಗಂಟೆ ಹೊಡೆಯತೊಡಗಿತ್ತು. ಆಸ್ಪತ್ರೆಯಲ್ಲಿ ಕೊಡಲು ಇನ್ನೊಂದು ಯಂತ್ರವಿರಲಿಲ್ಲ. ಬೇರೆ ಊರಿನಿಂದ ಬರುವುದು ನಾಳೆ. ಅದಕ್ಕೇ ನಫೀಸಾಳನ್ನು ಕರೆಸಿದ್ದರು.

"ಕೈ ಸೋತಾವೇನವ್ವಾ?" ಪಕ್ಕದ ಮನೆಯ ಫಕ್ಕೀರವ್ವ ಕೇಳಿದಳು. ಯಾರೂ ಹೇಳದೆಯೇ ಅವಳು ತಲೆದಿಂಬೊಂದನ್ನು ತಂದು ಶಿವಲೀಲಾಳ ಮೊಣಕೈ ಕೆಳಗಿಟ್ಟಿದ್ದಳು. ಆಗಾಗ ತನ್ನ ಸೆರಗಿನಿಂದ ಅವಳ ಹಣೆ ಒರೆಸುತ್ತಿದ್ದಳು.

"ಇಲ್ಲವ್ವಾ," ಎಂದಳು ಶಿವಲೀಲಾ. ಬೆರಳುಗಳು ಮರಗಟ್ಟಿದ್ದವು.

ತಟ್ಟೆಯಲ್ಲಿ ಹಸಿರು ಪುಡಿ ಗುಡ್ಡೆಯಾಗುತ್ತಿತ್ತು. ಮೇಜಿನ ತುದಿಯಲ್ಲಿದ್ದ ಯಂತ್ರದ ಹೊರಮುಚ್ಚಳವನ್ನೂ ಕಣಗಳು ಬಿಡಲಿಲ್ಲ. ಬೇಕಾದ ಬಣ್ಣ ಯಾವುದು, ಬೇಡದ್ದು ಯಾವುದೆಂದು ಅವಕ್ಕೇನು ಗೊತ್ತು? ಚನ್ನವೀರನ ಗಿಳಿಹಸಿರೆಲ್ಲ ಕರಗಿ ಹಳೆಯ ಬೂದುಬಣ್ಣ ಹೊರಬಂತು.

"ಹೋಗ್ಲಿ ಬಿಡ್ರಿ," ಎಂದ ಅವನು.

ಅಷ್ಟರಲ್ಲಿ ತಟ್ಟೆಗೆ ಬೀಳುತ್ತಿದ್ದ ಪುಡಿಯ ಬಣ್ಣ ಬದಲಾಯಿತು. ಜೇನಿನಂಥ ತಿಳಿ ಬಣ್ಣ. ನಫೀಸಾಳ ಮುಖ ಬಿಳಿಚಿಕೊಂಡಿತು. ತೇವ ತಾಗದಿರಲೆಂದು ಫಲಕಕ್ಕೆ ಸವರಿದ್ದ ಮೆರುಗೆಣ್ಣೆಗೂ ಗಿಳಿಹಸಿರು ಬಣ್ಣಕ್ಕೂ ಒಂದೇ ಬಗೆಯ ಅಂಟು. ಕಣಗಳು ಅದನ್ನೂ ತಿನ್ನತೊಡಗಿದ್ದವು. ಅದು ಹೋದರೆ ತಂತಿಗಳು ಬೆತ್ತಲೆ.

ಅವಳು ಹಿಂದಕ್ಕೆ ಕರೆಯುವ ಗುಂಡಿ ಒತ್ತಿದಳು. ಕಣಗಳು ಬರಲಿಲ್ಲ. ಮತ್ತೆ ಒತ್ತಿದಳು. ಅರ್ಧದಷ್ಟು ಮಾತ್ರ ಬಂದವು.

"ಏನಾತ್ರಿ ಅಕ್ಕಾರ?"

"ಮಾತಾಡಬ್ಯಾಡ್ರಿ. ಒಂದೀಟು ತಡ ಆಗ್ತದ."

"ಎಷ್ಟು ತಡ? ಆಕೀ ಕೈ ನೋಡ್ರಿ, ಹ್ಯಾಂಗ ನಡುಗಾಕತ್ತಾವ!"

ಶಿವಲೀಲಾಳ ಎಡಗೈ ಸೆಟೆದುಕೊಂಡಿತ್ತು. ಹೆಬ್ಬೆರಳು ಮಡಚಲೇ ಒಲ್ಲದು. ಚೀಲ ಜಾರಿತು. ಚನ್ನವೀರ ಮುಂದೆ ಬಂದ, ಚೀಲ ಮುಟ್ಟಲು ಧೈರ್ಯವಾಗದೆ ನಿಂತ.

"ಸರೀ ಆಕಡೆ! ನನಗ ಕೊಡು, ಇಲ್ಲಿ ಕೊಡು!" ಫಕ್ಕೀರವ್ವ ಚೀಲವನ್ನು ಕಸಿದುಕೊಂಡಳು. ಹೇಗೆ ಹಿಡಿಯಬೇಕೆಂದು ತಿಳಿಯದೆ ತಿರುಗಿಸಿ ಮುರುಗಿಸಿ ನೋಡಿದಳು. ಯಾರೂ ಉಸಿರು ಕೊಡದ ಆ ಹೊತ್ತಿನಲ್ಲಿ ಮುಕ್ತಾಳ ಕಣ್ಣುಗಳು ದೊಡ್ಡವಾದವು.

ಹುಡುಗಿಯ ಎದೆ ಏರಿತು. ಇಳಿಯಿತು.

"ಹಾಂ, ಹಂಗs ಒತ್ತವ್ವಾ, ಹಂಗs!" ಶಿವಲೀಲಾ ಅಳುತ್ತ ಹೇಳಿದಳು.

ಫಕ್ಕೀರವ್ವ ಕಲ್ಲಿನಂತೆ ನಿಂತಿದ್ದಳು. "ನಾ ಇನ್ನೂ ಒತ್ತಿಲ್ಲವ್ವಾ..."

ಗಾಬರಿಯಿಂದ ಫಕ್ಕೀರವ್ವ ಚೀಲ ಒತ್ತಿದಳು, ಮತ್ತೂ ಒತ್ತಿದಳು. ಅದೇ ಹೊತ್ತಿಗೆ ಉಳಿದ ಕಣಗಳೂ ಸಣ್ಣ ಸದ್ದು ಮಾಡುತ್ತ ಬಣ್ಣನುಂಗಿಗೆ ಮರಳಿದವು. ಮೆರುಗೆಣ್ಣೆ ಒಂದು ಮೂಲೆಯಲ್ಲಷ್ಟೇ ಸವೆದಿತ್ತು. ನಫೀಸಾ ಅಲ್ಲಿಗೆ ಹೊಸ ಲೇಪ ಸವರಿ ಆರಿಸಿ ಫಲಕವನ್ನು ಕೂರಿಸಿದಳು. ಹಸಿರು ದೀಪ ಹತ್ತಿತು. ಯಂತ್ರ ಒಂದೇ ಲಯದಲ್ಲಿ ನಡೆಯಿತು.

"ಲಗೂ ಹಚ್ಚಿಬಿಡ್ರಿ ಅಕ್ಕಾರ," ಎಂದ ಚನ್ನವೀರ.

ನಫೀಸಾ ಯಂತ್ರದ ಕೊಳವೆಯನ್ನು ಹಚ್ಚದೆ ಹಿಡಿದು ನಿಂತಳು. "ಅಣ್ಣಾ, ಈ ಯಂತ್ರ ಒಮ್ಮೆನೂ ತಡ ಮಾಡಿಲ್ಲ. ಕೂಸು ಉಸಿರು ತಗೋಬೇಕು ಅನ್ನೋದ್ರಾಗ ಇದು ಕೊಟ್ಟುಬಿಡ್ತಿತ್ತು. ಅದರ ಎದಿಗೆ ಬಲ ಯಾವಾಗ ಬಂತೋ, ನಮಗ್ಯಾರಿಗೂ ಗೊತ್ತಾಗಿಲ್ಲ." ಅವಳು ಶಿವಲೀಲಾಳತ್ತ ತಿರುಗಿದಳು. "ಡಾಕ್ಟರಿಗೆ ಹೇಳೀನಿ, ಬರಾಕತ್ತಾರ. ಯಂತ್ರ ತಯಾರದ. ಚೀಲ ನೀವs ಹಿಡೀರಿ ಅಕ್ಕಾ. ಒಂದs ಸಲ, ಒತ್ತದs ನೋಡೂಣು."

"ನನ್ನ ಕೈಲಿ ಆಗೂದಿಲ್ರಿ," ಎಂದಳು ಶಿವಲೀಲಾ. ಹಾಗೆನ್ನುತ್ತಲೇ ಚೀಲ ತೆಗೆದುಕೊಂಡಳು. ಸೆಟೆದ ಬೆರಳುಗಳನ್ನು ಫಕ್ಕೀರವ್ವ ಒಂದೊಂದಾಗಿ ತಿಕ್ಕಿ ಬಿಡಿಸಿದಳು.

ಮುಕ್ತಾಳ ಎದೆ ಇಳಿದು ನಿಂತಿತು. ಈಗ ಒತ್ತಬೇಕಾದ ಹೊತ್ತು. ಶಿವಲೀಲಾಳ ಬೆರಳುಗಳು ತಾವಾಗಿಯೇ ಮಡಚಿಕೊಳ್ಳಲು ಹೋದವು. ಕುತ್ತಿಗೆಯ ಕೊಳವೆಯಿಂದಾಗಿ ಮಾತು ಹೊರಡದ ಹುಡುಗಿ ತುಟಿ ಅಲುಗಿಸಿದಳು. "ತಡೀ."

ತಾಯಿ ಒತ್ತಲಿಲ್ಲ. ಗೋಡೆಗೆ ಹಣೆ ಹಚ್ಚಿ ನಿಂತ ಚನ್ನವೀರ ತಿರುಗಿ ನೋಡಲಾರದೆ, "ಬಂತೇನs? ಉಸಿರು ಬಂತೇನs?" ಎಂದು ಕೇಳುತ್ತಲೇ ಇದ್ದ.

ಎಲ್ಲರ ಉಸಿರೂ ಕಟ್ಟಿಹೋದ ಮೇಲೆ, ನಿಧಾನವಾಗಿ, ಮುಕ್ತಾಳ ಎದೆ ಏರಿತು.