ಷಡಕ್ಷರಪ್ಪನ ಬೆನ್ನಿಗೆ ಬರೆದ ಚಿತ್ರಗಳು

“ಆ ಕಟ್ಟು ಮುಟ್ಬೇಡಿ ಮಾರಾಯ್ರೇ. ಅದು ಕರೆಯೋ ಕಾಗದ. ಕರೆದ್ರೆ ಬರ್ತಾರೆ,” ಎಂದ ಹೂವಪ್ಪ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಮದುವೆ ಪತ್ರಿಕೆಯೂ ಅಲ್ಲೇ, ಸತ್ತವರ ಶಿವಗಣಾರಾಧನೆಯ ಕಾರ್ಡೂ ಅಲ್ಲೇ. ಸಾವಿನ ಕಾರ್ಡನ್ನು ಜನ ಹೊಸ್ತಿಲಾಚೆಯೇ ಓದಿ ಹರಿದು ಹಾಕುತ್ತಾರೆ, ಒಳಗೆ ತರುವುದಿಲ್ಲ. ಹಾಳಾದ ಪ್ರತಿಗಳನ್ನು ಹೂವಪ್ಪನೂ ಅಂದಂದೇ ಸುಡುತ್ತಿದ್ದ. ಅವತ್ತು ಮೂಲೆಯಲ್ಲಿ ಬಿದ್ದಿದ್ದ ಕಟ್ಟು ಹೊಳೆಹೊನ್ನೂರು ಕಡೆಯ ಷಡಕ್ಷರಪ್ಪನದು. ಬದುಕಿದ್ದಾಗ ಮಾಟ ಮಾಡುವುದರಲ್ಲಿ ಎತ್ತಿದ ಕೈ. ಕೇಡುಗಾಲಕ್ಕೆ ನಾಯಿ ಮೊಟ್ಟೆ ಇಟ್ಟಿತು ಅನ್ನುವ ಹಾಗೆ, ಎಷ್ಟು ಸಲ ಅಚ್ಚು ಹಾಕಿದರೂ ಫೋಟೋದಲ್ಲಿ ಮುದುಕನ ಕಣ್ಣು ಮುಚ್ಚಿಯೇ ಬರುತ್ತಿತ್ತು.

ಜ್ಞಾನೇಶ ನಕ್ಕ. ವರ್ಗವಾಗಿ ಶಿವಮೊಗ್ಗಕ್ಕೆ ಬಂದು ದುರ್ಗಿಗುಡಿಯಲ್ಲಿ ಹೊಸದಾಗಿ ಮನೆ ಮಾಡಿದ್ದವನು. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಹೂವಪ್ಪನ ಮಗ ಆನಂದ ಮತ್ತವನ ಗೆಳೆಯರು ಭಾನುವಾರ ಆಡುವ ಮಾಯಾಲೋಕದ ಕಾರ್ಡಾಟಕ್ಕೆ ಬಂದು ಸೇರಿದ್ದ, ಪ್ರತಿ ವಾರ ಸೋಲುತ್ತಿದ್ದ. ಈಗ ಆಟದೆಲೆಗಳ ಹೊಸ ಕಟ್ಟು ಕೂಡಿಸುವ ಹುಮ್ಮಸ್ಸು. ಅದರ ಉಪಾಯ ಇಷ್ಟೇ, ತನ್ನವೇ ಸಣ್ಣ ಜೀವಗಳ ಎಲೆಗಳನ್ನು ಬಲಿಕೊಟ್ಟು ‘ಸ್ಮಶಾನ’ ಎಂಬ ರಾಶಿಗೆ ಹಾಕುವುದು, ಆ ಬಲಿಯ ಬಲದಿಂದ ಸತ್ತದ್ದೊಂದನ್ನು ಎಬ್ಬಿಸುವುದು. ಅಸಲಿ ಎಲೆಗಳು ಸಿಗುವುದಿಲ್ಲ, ನಕಲು ಬರೆದುಕೊಳ್ಳಲು ಗಟ್ಟಿ ಹಾಳೆ ಬೇಕು. ಷಡಕ್ಷರಪ್ಪನ ಹಾಳೆ ಹದವಾಗಿ ದಪ್ಪವಿತ್ತು.

“ಬರೋದಾದ್ರೆ ಬರ್ಲಿ ಬಿಡಿ. ಆಟಕ್ಕೆ ಒಬ್ಬ ಕಮ್ಮಿ ಇದಾನೆ,” ಎಂದು ಜ್ಞಾನೇಶ ಕಟ್ಟನ್ನು ಚೀಲಕ್ಕೆ ತುರುಕಿದ.

ಮನೆಯಲ್ಲಿ ಎಬ್ಬಿಸುವ ಎಲೆಯನ್ನು ತಾನೇ ಬರೆದುಕೊಂಡ. ಏಳು ವರ್ಷದ ಮಗಳು ಅಮೂಲ್ಯ ಉಳಿದ ಹಾಳೆಗಳ ಖಾಲಿ ಬೆನ್ನಿಗೆ ಚಿತ್ರ ಬರೆದುಕೊಟ್ಟಳು. ಗಾಜಿನ ತೊಟ್ಟಿಯ ಕೆಂಪು ಮೀನು. ಬೆಕ್ಕು ಬೆಳ್ಳಿ. ಕೊನೆಯದನ್ನು ತೋರಿಸದೆ, ಕಿಸಿಕಿಸಿ ನಗುತ್ತಾ, ತಾನೇ ಪ್ಲಾಸ್ಟಿಕ್ ಹೊದಿಕೆಗೆ ಸೇರಿಸಿಟ್ಟಳು. ಬಲಿಯ ಎಲೆಗಳೆಂದು ಅವಳಿಗೇನು ಗೊತ್ತು. ಗೊತ್ತಿದ್ದವನು ಅಪ್ಪ, ಅವನಾದರೂ ತಿರುಗಿಸಿ ನೋಡಬಾರದಿತ್ತೇ.

ಭಾನುವಾರ ಮಧ್ಯಾಹ್ನ, ಎದುರಿಗೆ ಆನಂದ. ಜ್ಞಾನೇಶ ಮೀನನ್ನು ಬಲಿಕೊಟ್ಟ. ಅಚ್ಚಿನ ಮಸಿಯ ವಾಸನೆಯ ನಡುವೆ ಹಸಿಮಣ್ಣಿನ ವಾಸನೆ ಎದ್ದಿತು. ಸ್ವಲ್ಪ ಹೊತ್ತಿಗೆ ಹೆಂಡತಿ ತನುಜಾಳ ಮೆಸೇಜು. ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದೆಯಂತೆ. ನೀರು ಬದಲಿಸಿರಲಿಲ್ಲ, ಅದಕ್ಕೇ ಸತ್ತಿರಬೇಕು ಎಂದುಕೊಂಡ. ಬೆಕ್ಕನ್ನು ಬಲಿಕೊಟ್ಟ. ಈ ಸಲ ಫೋನೇ ಬಂತು. ಗೇಟಿನ ಹತ್ತಿರ ಬೆಳ್ಳಿ ಬಿದ್ದಿದೆ, ಮೈಮೇಲೆ ಒಂದು ಗಾಯವೂ ಇಲ್ಲ ಎಂದು ತನುಜಾ ಅಳುತ್ತಿದ್ದಳು.

ಜ್ಞಾನೇಶ ಮುಂದಿನ ಎಲೆ ಎತ್ತಿದ. ಎರಡು ಜಡೆ, ಹಳದಿ ಫ್ರಾಕು. ಕೆಳಗೆ ಸೊಟ್ಟಂಬಟ್ಟೆ ಅಕ್ಷರದಲ್ಲಿ ‘ಅಮೂಲ್ಯ’.

ಆಟ ನಿಲ್ಲಿಸಬೇಕು. ಈಗಲೇ ನಿಲ್ಲಿಸಬೇಕು. “ಸೋತೆ ಆನಂದ. ಸಾಕು,” ಎಂದ. ಸೋಲೊಪ್ಪಿದವನು ಕೈಯಲ್ಲಿದ್ದ ಎಲೆಗಳನ್ನೆಲ್ಲ ಸ್ಮಶಾನದ ಮೇಲೆ ಹಾಕಿ ಏಳುವುದು ಆ ಕೋಣೆಯ ರೂಢಿ. ವಾರವಾರವೂ ಸೋತವನ ಕೈ ಅದು. ಹಾಕಿಬಿಟ್ಟಿತು.

ಮೀನಿನ ಮೇಲೆ ಬೆಕ್ಕು. ಬೆಕ್ಕಿನ ಮೇಲೆ ಅಮೂಲ್ಯ.

ಫೋನು ಬಡಿದುಕೊಂಡಿತು. ತನುಜಾಳ ಚೀರಾಟ. ಮಗು ಬಿದ್ದಿದೆ. ಉಸಿರಿಲ್ಲ.

ಕರೆಂಟು ಹೋಯಿತು. ಕಿಟಕಿಯಿಲ್ಲದ ಕೋಣೆಯ ಕತ್ತಲಲ್ಲಿ ಜ್ಞಾನೇಶ ಫೋನಿನ ಬೆಳಕು ಹಿಡಿದು ಎಲೆಗಳನ್ನು ತಡಕಾಡಿದ. ಎಬ್ಬಿಸುವ ಎಲೆ. ಎಲ್ಲಿ? ಸಿಕ್ಕಿತು. ಬಾಗಿಲಲ್ಲಿ ನಿಂತಿದ್ದ ಹೂವಪ್ಪ ಅವನ ಮಣಿಕಟ್ಟು ಹಿಡಿದ. “ಬೇಡ ಸ್ವಾಮಿ. ಮಗೂನ ಹಾಗೇ ಕಳಿಸ್ಕೊಡಿ. ಎಬ್ಬಿಸ್ಬೇಡಿ.” ಯಾವ ಅಪ್ಪ ಕೇಳಿಯಾನು? ಕೈ ಕೊಡವಿಕೊಂಡ. ಮಗಳ ಚಿತ್ರದ ಮೇಲೆ ಆ ಎಲೆ ಒತ್ತಿದ.

ಗಪ್ಪನೆ ವಿಭೂತಿಯ ವಾಸನೆ. ಬಾಡಿದ ಬಿಲ್ವಪತ್ರೆ. ಹಸಿಮಣ್ಣು.

“ಎದ್ಲು ರೀ,” ತನುಜಾಳ ದನಿ ಬಿಕ್ಕಿತು. “ಎದ್ದು ಕೂತ್ಲು.”

ಜ್ಞಾನೇಶ ಗೋಡೆಗೊರಗಿ ಗಳಗಳನೆ ಅತ್ತ. ಅಷ್ಟರಲ್ಲಿ ತನುಜಾ ದನಿ ತಗ್ಗಿಸಿದಳು. ಮಗು ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತಿದೆಯಂತೆ. ಎಡಗೈ ಅಂಗೈಯನ್ನು ಲಿಂಗ ಹಿಡಿದ ಹಾಗೆ ಎದೆಯ ಮುಂದೆ ಹಿಡಿದಿದೆಯಂತೆ. ಲಿಂಗಾಯತರು ಗುಂಡಿಯೊಳಗೆ ಹೆಣವನ್ನು ಹಾಗೇ ಕೂರಿಸುವುದು. ಮೈಯೆಲ್ಲ ತಣ್ಣಗಿದೆಯಂತೆ.

“ರೀ, ಇವಳು ನನ್ನನ್ನ ಅಮ್ಮ ಅಂತಿಲ್ಲ. ತನುಜಾ, ನೀರು ಕೊಡು ಅಂತಿದಾಳೆ. ಗಂಡಸಿನ ದನಿ ರೀ. ಆಟಕ್ಕೆ ಯಾರೋ ಕಮ್ಮಿ ಇದ್ರಂತೆ, ಬಂದಿದೀನಿ ಅಂತಿದಾಳೆ.”

ಕರೆಂಟು ಬಂತು. ಜ್ಞಾನೇಶ ಮಗಳ ಎಲೆಯನ್ನು ಹೊದಿಕೆಯಿಂದ ಎಳೆದ. ಒಂದು ಬದಿಗೆ ಹಳದಿ ಫ್ರಾಕು, ಎರಡು ಜಡೆ. ಮುಖ ಇರಬೇಕಾದ ಕಡೆ ಬರೀ ಬಿಳಿ ಕಾಗದ. ತಿರುಗಿಸಿದ. ಷಡಕ್ಷರಪ್ಪ ಕಣ್ಣು ಬಿಟ್ಟಿದ್ದ.

ಹೂವಪ್ಪ ಹಾಳಾದ ಪ್ರತಿ ಸುಡುವ ಒಲೆ ಹೊತ್ತಿಸಿ ಎಲೆ ಕೊಡಿ ಎಂದು ಕೈಚಾಚಿದ. ಜ್ಞಾನೇಶ ಕೊಡಲಿಲ್ಲ. ಅದರಲ್ಲಿ ಮಗಳು ಬರೆದ ಹೆಸರಿತ್ತು. ಜೇಬಿಗಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹಿಡಿಯಲು ಓಡಿದ. ಫೋನಿನಲ್ಲಿ ಈಗ ತನುಜಾಳ ದನಿ ಇರಲಿಲ್ಲ. ಇನ್ಯಾರೋ ನಿಧಾನವಾಗಿ ಅವನ ಹೆಸರು ಹಿಡಿದು ಕರೆಯುತ್ತಿದ್ದರು.